ಕಯ ಉಳಿಯಲಿ, ಏರುದಾರಿ ತೆರೆದಿರಲಿ: ಕರಾವಳಿ ಹೊಳೆಗಳ ಮೀನು ಕಾಯುವವರಿಗೊಂದು ಮಾರ್ಗದರ್ಶಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹೊಳೆಗಳು ಉದ್ದದಲ್ಲಿ ಗಿಡ್ಡ, ಸ್ವಭಾವದಲ್ಲಿ ಬಿರುಸು. ಕುದುರೆಮುಖದ ಮಲೆಯಲ್ಲಿ ಹುಟ್ಟುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಒಟ್ಟು ನೂರು ಕಿಲೋಮೀಟರ್ ಆಸುಪಾಸಿನ ಹಾದಿಯಲ್ಲೇ ಉಳ್ಳಾಲ ಮತ್ತು ಬೆಂಗ್ರೆಯ ನಡುವಿನ ಅಳಿವೆಯನ್ನು ಸೇರಿಬಿಡುತ್ತದೆ. ಫಲ್ಗುಣಿಗೂ ಅದೇ ಅಳಿವೆ. ಉಡುಪಿಯ ಸ್ವರ್ಣಾ ಮತ್ತು ಸೀತಾ ಕೋಡಿಬೆಂಗ್ರೆಯಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಮಾರ್ಚ್ ಹೊತ್ತಿಗೆ ಹೊಳೆ ಬಂಡೆಗಳ ನಡುವಿನ ಕಯಗಳಿಗೆ, ಅಂದರೆ ಆಳದ ನೀರಗುಂಡಿಗಳಿಗೆ, ಕುಗ್ಗುತ್ತದೆ. ಹಾಗಾಗಿ ಇಲ್ಲಿನ ಸಿಹಿನೀರು ಮೀನಿನ ಬದುಕು ನಿಂತಿರುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ: ಏಪ್ರಿಲ್, ಮೇ ತಿಂಗಳಲ್ಲಿ ತಂಗಲು ಆಳವಾದ ಕಯ ಮತ್ತು ಮೊದಲ ಮಳೆಗೆ ಮೇಲಕ್ಕೆ ಏರಲು ಅಡೆತಡೆಯಿಲ್ಲದ ದಾರಿ. ಇವೆರಡನ್ನು ಬಿಟ್ಟು ಹೊಳೆಗೆ ಎಷ್ಟು ಮರಿ ಸುರಿದರೂ ಪ್ರಯೋಜನವಿಲ್ಲ ಎಂಬುದು ಈ ಲೇಖನದ ನಿಲುವು. ಹೊಳೆಬದಿಯ ತೋಟದವರು, ಗ್ರಾಮ ಪಂಚಾಯತ್ ಸದಸ್ಯರು, ಯುವಕ ಮಂಡಲದವರು ಹಾಗೂ ರಜೆಯ ದಿನ ಗಾಳ ಹಿಡಿದು ಹೊರಡುವ ಹವ್ಯಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಮೊದಲ ಕೆಲಸ: ನಿಮ್ಮ ಹೊಳೆಯ ನಕ್ಷೆ

ಇಡೀ ನದಿಯನ್ನು ಕಾಯಲು ಹೊರಡಬೇಡಿ. ಎರಡು ಮೂರು ಕಿಲೋಮೀಟರಿನ ಒಂದು ತುಂಡನ್ನು ಆರಿಸಿಕೊಂಡು, ಅದಕ್ಕೆ ಸೇರುವ ತೋಡುಗಳನ್ನೂ (ಸಣ್ಣ ಹಳ್ಳಗಳನ್ನೂ) ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ, ನೀರು ತೀರಾ ಕಡಿಮೆಯಾದ ಹೊತ್ತಿನಲ್ಲಿ, ಹೊಳೆಯನ್ನು ಚಿಕ್ಕಂದಿನಿಂದ ಕಂಡ ಹಿರಿಯರೊಬ್ಬರನ್ನು ಜತೆಗೆ ಕರೆದುಕೊಂಡು ದಡದುದ್ದಕ್ಕೂ ನಡೆಯಿರಿ. ಪ್ರತಿ ಕಯಕ್ಕೂ ಊರಿನಲ್ಲಿ ಒಂದು ಹೆಸರಿರುತ್ತದೆ; ಆ ಹೆಸರಿನಲ್ಲೇ ಬರೆದುಕೊಳ್ಳಿ. ಯಾವ ಕಯ ಎಂದೂ ಬತ್ತುವುದಿಲ್ಲ, ಯಾವುದು ಈಚೆಗೆ ಹೂಳು ತುಂಬಿ ಆಳ ಕಳೆದುಕೊಂಡಿದೆ, ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಎಲ್ಲಿದೆ, ರೈತರು ಕಲ್ಲುಮಣ್ಣಿನ ಕಟ್ಟ ಹಾಕುವ ಜಾಗ ಯಾವುದು, ಪಂಪ್‌ಸೆಟ್ಟುಗಳು ಎಲ್ಲೆಲ್ಲಿ ಇಳಿದಿವೆ, ಯಾವ ಸೇತುವೆಯ ಕೆಳಗೆ ಕೋಳಿ ಅಂಗಡಿಯ ತ್ಯಾಜ್ಯ ಬೀಳುತ್ತದೆ ಎಂಬುದೆಲ್ಲ ಒಂದೇ ಹಾಳೆಯಲ್ಲಿ ಬರಬೇಕು. ಉರುಟುಕಲ್ಲು ಮತ್ತು ದಪ್ಪ ಮರಳು ಹಾಸಿದ, ನೀರು ತೆಳ್ಳಗೆ ಓಡುವ ಜಾಗಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಏಕೆಂದರೆ ಹಲವು ಮೀನುಗಳು ಮೊಟ್ಟೆಯಿಡುವುದು ಇಂಥಲ್ಲೇ. ಮರಳು ತೆಗೆಯುವವರ ಕಣ್ಣು ಮೊದಲು ಬೀಳುವುದೂ ಇದೇ ಜಾಗದ ಮೇಲೆ.

ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಟ್ಟುಕೊಳ್ಳಬೇಕು. ನಿಮ್ಮ ಹಾಳೆಯನ್ನು ಆ ದಾಖಲಾತಿಗೆ ಸೇರಿಸುವಂತೆ ಕೇಳಿ. ಮುಂದೆ ಮರಳು ಗಣಿಗಾರಿಕೆಗೋ ಹೊಸ ಅಣೆಕಟ್ಟಿಗೋ ಆಕ್ಷೇಪ ಸಲ್ಲಿಸಬೇಕಾಗಿ ಬಂದರೆ ಬಾಯಿಮಾತಿಗಿಂತ ಈ ಕಾಗದಕ್ಕೆ ತೂಕ ಹೆಚ್ಚು.

ಯಾವ ಮೀನು, ಯಾವ ಕಟ್ಟುಪಾಡು

ಮೀನುಗಳನ್ನೆಲ್ಲ ಒಂದೇ ನಿಯಮದಿಂದ ಕಾಯಲಾಗದು. ಘಟ್ಟದ ಬುಡದ ತಂಪು ನೀರಿನ ರಾಜ ಮಹಶೀರ್, ಅಂದರೆ ತುಳುವರ ಪೆರುವೊಳು, ಭಕ್ತರ ದೇವರ ಮೀನು. ದೊಡ್ಡ ಹುರುಪೆ, ದಪ್ಪ ತುಟಿ, ಬಾಯಿಯ ಬಳಿ ಎರಡು ಜೊತೆ ಮೀಸೆ ಇರುವ ಈ ಮೀನು ಮಳೆಗಾಲದಲ್ಲಿ ಮೇಲಕ್ಕೆ ಏರಿ, ಆಮ್ಲಜನಕ ತುಂಬಿದ ಓಡುನೀರಿನ ಕಲ್ಲುಹಾಸಿನಲ್ಲಿ ಮೊಟ್ಟೆಯಿಡುತ್ತದೆ. ಅದು ಬೆದೆಗೆ ಬರಲು ಕೆಲವು ವರ್ಷ ಹಿಡಿಯುವುದರಿಂದ, ದೊಡ್ಡ ಮೀನುಗಳನ್ನು ಕಳೆದುಕೊಂಡ ಕಯ ಬೇಗ ಚೇತರಿಸಿಕೊಳ್ಳುವುದಿಲ್ಲ. ದಡದ ಮರಗಳಿಂದ ಉದುರುವ ಹಣ್ಣೂ ಅದಕ್ಕೆ ಆಹಾರ. ಅತ್ತಿ, ನೇರಳೆ, ಹೊಳೆಮತ್ತಿಗಳನ್ನು ಕಡಿದು ದಡವನ್ನು ಬೋಳು ಮಾಡಿ ತಡೆಗೋಡೆ ಕಟ್ಟಿದರೆ ನೆರಳಿನ ಜತೆಗೆ ಅನ್ನವೂ ಹೋಗುತ್ತದೆ.

ತೋಡು ಮತ್ತು ಗದ್ದೆಬದಿಯ ಕೊರವ ಮೀನಿನ ರೀತಿ ಬೇರೆ. ಕೆಂಪು ಮರಿಗಳ ಹಿಂಡು ನೀರಿನ ಮೇಲ್ಮೈಗೆ ಬಂದು ಉಸಿರಾಡುವಾಗ ತಾಯಿ ತಂದೆ ಕೆಳಗೇ ಕಾವಲಿರುತ್ತವೆ. ಅದೇ ಹೊತ್ತಿನಲ್ಲಿ ಕಪ್ಪೆಯಾಕಾರದ ಕೃತಕ ಎರೆ ಎಸೆದರೆ ದೊಡ್ಡ ಮೀನು ಸಿಟ್ಟಿನಿಂದ ಎಗರಿ ಕಚ್ಚುತ್ತದೆ. ಹಿಡಿದವನಿಗೆ ಒಂದು ಮೀನು ಸಿಕ್ಕಿತು, ಹೊಳೆಗೆ ಇಡೀ ಸಂಸಾರವೇ ನಷ್ಟ. ಮರಿಹಿಂಡು ಕಂಡಲ್ಲಿ ಗಾಳ ಹಾಕಬಾರದೆಂಬುದನ್ನು ನಿಮ್ಮ ಊರಿನ ಮೊದಲ ಕಟ್ಟುಪಾಡಾಗಿ ಮಾಡಿಕೊಳ್ಳಬಹುದು. ಹಿನ್ನೀರಿನ ಕರಿಮೀನಿಗೂ ಇದೇ ಮಾತು ಸಲ್ಲುತ್ತದೆ. ಅದು ಮುಳುಗಿದ ಕಲ್ಲು, ಮರದ ತುಂಡುಗಳಿಗೆ ಮೊಟ್ಟೆ ಅಂಟಿಸಿ, ಗಂಡುಹೆಣ್ಣು ಎರಡೂ ಸೇರಿ ಕಾಯುತ್ತವೆ.

ಅಳಿವೆಯ ಕಡೆಗೆ ಬಂದರೆ ಮಂಗಳೂರಿಗರ ಬಾಯಲ್ಲಿ ನೀರೂರಿಸುವ ಕಾಣೆ, ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಬೇರುಗಳ ನಡುವೆ ಬೆಳೆಯುವ ಕೆಂಬೇರಿ, ಗಾಳದವರ ಅಚ್ಚುಮೆಚ್ಚಿನ ಸೀಬಾಸ್. ಸೀಬಾಸ್ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಅಂದರೆ ಫೋಟೊಗೆಂದು ಎತ್ತಿ ಹಿಡಿಯುವ ಆ ಭಾರೀ ಮೀನು ಬಹುಮಟ್ಟಿಗೆ ತಾಯಿಮೀನೇ ಆಗಿರುತ್ತದೆ. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಒಯ್ಯುವ ಸಾಮಾನ್ಯ ನಿಯಮ ಇಲ್ಲಿ ಅರ್ಧ ಮಾತ್ರ ಸರಿ: ತೀರಾ ಚಿಕ್ಕದನ್ನೂ ತೀರಾ ದೊಡ್ಡದನ್ನೂ ಬಿಟ್ಟು, ನಡುವಿನ ಗಾತ್ರದಲ್ಲಿ ಮನೆಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳುವುದು ವಿವೇಕ. ಕೆಂಬೇರಿ ಮರಿಯಾಗಿದ್ದಾಗ ಅಳಿವೆಯಲ್ಲಿದ್ದು ಬಲಿತ ಮೇಲೆ ಕಡಲಿಗೆ ಹೋಗುತ್ತದೆಯಾದ್ದರಿಂದ ಕಾಂಡ್ಲ ಕಡಿದರೆ ಅದರ ಪೆಟ್ಟು ಕಡಲಿನ ದೋಣಿಗೂ ತಟ್ಟುತ್ತದೆ.

ಬೇಸಿಗೆ: ಕಯದ ಕಾವಲು

ನಕ್ಷೆಯಲ್ಲಿ ಗುರುತಿಸಿದ ಕಯಗಳಲ್ಲಿ ಎಂದೂ ಬತ್ತದ ಒಂದೆರಡನ್ನು ಆರಿಸಿ, ಫೆಬ್ರುವರಿಯಿಂದ ಮಳೆ ಹಿಡಿಯುವವರೆಗೆ ಅಲ್ಲಿ ಬಲೆ, ಗಾಳ ಯಾವುದೂ ಇಳಿಯದಂತೆ ಊರವರ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಎಂದರೆ ಬೋರ್ಡು ನೆಡುವುದಲ್ಲ. ಆ ಕಯದಲ್ಲಿ ಪಾರಂಪರಿಕವಾಗಿ ಮೀನು ಹಿಡಿಯುತ್ತ ಬಂದವರನ್ನು ಮೊದಲು ಕೂರಿಸಿ ಮಾತನಾಡಿ, ಅವರಿಗೆ ಬೇರೆ ಕಯಗಳನ್ನು ಬಿಟ್ಟುಕೊಟ್ಟ ಮೇಲೆ ಉಳಿದವರಿಗೆ ಹೇಳಬೇಕು. ಶಿಶಿಲದ ಕಪಿಲಾ ಹೊಳೆಯಲ್ಲಿ, ಕುಕ್ಕೆ ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ ದೇವಸ್ಥಾನದ ಭಯಭಕ್ತಿಯೇ ಈ ಕೆಲಸ ಮಾಡುತ್ತ ಬಂದಿದೆ. ನಮ್ಮ ಕಡೆಯ ಅತ್ಯಂತ ಹಳೆಯ ಮೀನು ಸಂರಕ್ಷಣೆ ಅದೇ. ಆದರೆ ಭಕ್ತಿಯೊಂದೇ ಸಾಲದೆಂಬುದಕ್ಕೂ ಶಿಶಿಲವೇ ಸಾಕ್ಷಿ: 1996ರಲ್ಲಿ ಅಲ್ಲಿ ಹೊಳೆಗೆ ವಿಷ ಹಾಕಿದ್ದರಿಂದ ದೇವರ ಮೀನುಗಳು ರಾಶಿ ರಾಶಿಯಾಗಿ ಸತ್ತವು, ಅವುಗಳ ನೆನಪಿಗೊಂದು ಸ್ಮಾರಕವೂ ಎದ್ದಿತು. ನಂಬಿಕೆಯ ಜತೆಗೆ ಕಣ್ಗಾವಲೂ ಬೇಕು. ದೇವಸ್ಥಾನದ ಕಯಕ್ಕೆ ಹೊದಳು ಹಾಕುವವರಿಗೆ ಬ್ರೆಡ್ಡು, ಬಿಸ್ಕತ್ತು, ಪ್ಲಾಸ್ಟಿಕ್ ಪೊಟ್ಟಣ ತರಬೇಡಿರೆಂದು ಹೇಳುವುದೂ ಅದರಲ್ಲಿ ಸೇರಿದೆ. ಮೀನು ತಿನ್ನದೆ ಬಿಟ್ಟದ್ದು ತಳದಲ್ಲಿ ಕೊಳೆತು, ಇದ್ದ ಆಮ್ಲಜನಕವನ್ನೂ ಹೀರಿಕೊಳ್ಳುತ್ತದೆ.

ಆಮ್ಲಜನಕದ ಲೆಕ್ಕವನ್ನು ಒಮ್ಮೆ ತಿಳಿದುಕೊಂಡರೆ ಬೇಸಿಗೆಯ ಎಚ್ಚರಿಕೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಿಸಿಯಾದರೆ ಅದು 7.5ರ ಹತ್ತಿರಕ್ಕೆ ಇಳಿಯುತ್ತದೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾದರೆ ಓಡುನೀರಿನ ಮೀನಿಗೆ ಕಷ್ಟ ಶುರುವಾಗುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವವೇ ಅತ್ಯಂತ ಕೆಟ್ಟ ಹೊತ್ತು. ಆ ಹೊತ್ತಿನಲ್ಲಿ ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ, ಕಯದಿಂದ ನೀರೆತ್ತುವ ಪಂಪುಗಳನ್ನು ಸರದಿಯ ಮೇಲೆ ಓಡಿಸುವಂತೆ ತೋಟದವರೊಡನೆ ಅಂದೇ ಮಾತನಾಡಬೇಕು.

ಮೊದಲ ಮಳೆ: ಏರುದಾರಿ

ಮೇ ಕೊನೆ, ಜೂನ್ ಮೊದಲ ವಾರಗಳಲ್ಲಿ ಕೆಂಪು ನೀರು ತೋಡಿಗೆ ಇಳಿದೊಡನೆ ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುತ್ತದೆ. ಇದೇ ಉಬರ್ ಮೀನು. ಘಟ್ಟದ ಮೇಲಿನವರು ಹತ್ತುಮೀನು ಎನ್ನುತ್ತಾರೆ. ಟಾರ್ಚು, ಕತ್ತಿ, ಬೀಸುಬಲೆ, ಕೂಳಿ (ಮೀನು ಸಿಕ್ಕಿಸುವ ಬುಟ್ಟಿ) ಹಿಡಿದು ರಾತ್ರಿಯಿಡೀ ಗದ್ದೆಹುಣಿಯ ಮೇಲೆ ನಡೆಯುವ ಆ ಸಂಭ್ರಮವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ, ಅಷ್ಟಕ್ಕೂ ಅಲ್ಲಗಳೆದರೆ ಯಾರೂ ಕೇಳುವುದಿಲ್ಲ. ಆದರೆ ಹಾಗೆ ಏರುವ ಮೀನಿನ ಹೊಟ್ಟೆ ಸೀಳಿ ನೋಡಿದವರಿಗೆ ಗೊತ್ತು, ಒಳಗೆ ತುಂಬಿರುವುದು ಮೊಟ್ಟೆಯೇ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡಕ್ಕೇರಿರುತ್ತವೆ, ಅದು ಮೀನು ಮರಿ ಮಾಡುವ ಕಾಲವೆಂದು ಎಲ್ಲರೂ ಒಪ್ಪುತ್ತಾರೆ. ಅದೇ ಎರಡು ತಿಂಗಳು ಹೊಳೆಯ ಮೀನಿಗೂ ಬಸಿರಿನ ಕಾಲ ಎಂಬುದು ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

ಊರಿನಲ್ಲಿ ಸಾಧ್ಯವಾಗುವ ನಡುದಾರಿ ಹೀಗಿದೆ. ತೋಡಿನ ಅಗಲಕ್ಕೂ ಬಲೆ ಅಥವಾ ಕೂಳಿ ಅಡ್ಡ ಇಡಬಾರದು. ಅರ್ಧ ಬಾಯಿ ಯಾವಾಗಲೂ ತೆರೆದಿರಬೇಕು. ಮೊದಲ ನೆರೆಯ ಎರಡು ಮೂರು ರಾತ್ರಿಗಳನ್ನು ಪೂರ್ತಿ ಬಿಟ್ಟುಕೊಡಬೇಕು, ಏಕೆಂದರೆ ಬಲಿತ ಮೀನುಗಳ ದೊಡ್ಡ ಪಾಲು ಆಗಲೇ ಏರುತ್ತದೆ. ಆಮೇಲೆ ಹಿಡಿದರೂ, ಒತ್ತಿದರೆ ಮೊಟ್ಟೆ ಸುರಿಯುವ ಮೀನನ್ನು ಮರಳಿ ನೀರಿಗೆ ಬಿಡಬೇಕು. ಗದ್ದೆಯಿಂದ ಮರಿ ಇಳಿದು ಹೊಳೆಗೆ ಮರಳುವ ಆಗಸ್ಟ್, ಸೆಪ್ಟೆಂಬರಿನಲ್ಲಿ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನು ಬದುವಿನ ಕಂಡಿಗೆ ಕಟ್ಟುವ ಅಭ್ಯಾಸ ಕೆಲವೆಡೆ ಇದೆ. ಉಬರ್ ಬೇಟೆಗಿಂತಲೂ ಇದು ಹೆಚ್ಚು ಹಾನಿಕರ ಎಂದು ನನ್ನ ಅಭಿಪ್ರಾಯ. ಬೇಟೆಯಿಂದ ತಪ್ಪಿಸಿಕೊಂಡವುಗಳ ಸಂತಾನವೂ ಅಲ್ಲಿ ಮುಗಿಯುತ್ತದೆ.

ಇನ್ನು ಅಣೆಕಟ್ಟಿನ ವಿಚಾರ. ಮಂಗಳೂರಿಗೆ ನೀರು ಕೊಡುವ ತುಂಬೆ, ಉಡುಪಿಗೆ ಕೊಡುವ ಬಜೆ ಅಣೆಕಟ್ಟುಗಳ ನಿರ್ವಹಣೆ ನಮ್ಮ ಕೈಯಲ್ಲಿಲ್ಲ. ಆದರೆ ಊರೂರಿನ ಕಿಂಡಿ ಅಣೆಕಟ್ಟುಗಳ ಹಲಗೆ ಹಾಕುವುದೂ ತೆಗೆಯುವುದೂ ಬಹುತೇಕ ಅಲ್ಲಿನ ಫಲಾನುಭವಿ ರೈತರೇ. ಮಳೆಗಾಲ ಮುಗಿದು ನೀರಿನ ಸೆಳೆತ ಇಳಿದಾಗ ಹಾಕಿದ ಹಲಗೆಯನ್ನು ಮೊದಲ ನೆರೆ ಬಂದ ಮೇಲೆ ತೆಗೆಯಲು ಹೋಗುವುದು ಸಾಮಾನ್ಯ. ಆಗ ಕಸಕಡ್ಡಿ ಸಿಕ್ಕಿಕೊಂಡು ಕೆಲವು ಕಿಂಡಿಗಳು ಮುಚ್ಚಿಯೇ ಉಳಿಯುತ್ತವೆ. ಮೇ ಮೂರನೆಯ ವಾರದಲ್ಲೇ, ನೀರು ಕೆಳಗಿರುವಾಗ, ಎಲ್ಲ ಹಲಗೆಗಳನ್ನೂ ಎತ್ತಿ ದಡದ ಮೇಲೆ ಜೋಡಿಸಿಡಿ. ತೆಗೆದ ಮೇಲೆ ಕಿಂಡಿಯ ಕೆಳಗೆ ಹೋಗಿ ಒಮ್ಮೆ ನೋಡಿ. ವರ್ಷಗಳಿಂದ ಬಿದ್ದ ನೀರು ಕಾಂಕ್ರೀಟು ತಳದ ಆಚೆ ಮಣ್ಣು ಕೊರೆದು ಸೊಂಟದೆತ್ತರದ ಮೆಟ್ಟಿಲು ಮಾಡಿರುತ್ತದೆ. ಹಲಗೆ ಇಲ್ಲದಿದ್ದರೂ, ನೀರು ಏರುವ ಮೊದಲ ದಿನಗಳಲ್ಲಿ ಸಣ್ಣ ಮೀನಿಗೆ ಆ ಮೆಟ್ಟಿಲು ಹತ್ತಲಾಗುವುದಿಲ್ಲ. ದೊಡ್ಡ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಇಳಿಜಾರಾಗಿ ಒಂದು ಬದಿಗೆ ಜೋಡಿಸಿ, ನಡುನಡುವೆ ನೀರು ನಿಲ್ಲುವ ಚಿಕ್ಕ ಗುಂಡಿ ಬಿಟ್ಟರೆ ಮೀನು ಒಂದರಿಂದ ಇನ್ನೊಂದಕ್ಕೆ ತಂಗಿ ತಂಗಿ ಏರುತ್ತದೆ. ಒಂದು ದಿನದ ಶ್ರಮದಾನಕ್ಕೆ ಮೀರಿದ ಕೆಲಸವಲ್ಲ ಇದು. ಸಣ್ಣ ನೀರಾವರಿ ಇಲಾಖೆಯ ಅಣೆಕಟ್ಟಾದರೆ ಮೊದಲು ಅವರಿಗೆ ತಿಳಿಸಿಯೇ ಮಾಡಿ. ಕಲ್ಲುಮಣ್ಣಿನ ಕಟ್ಟದಲ್ಲಿ ಬೇಸಿಗೆಯಲ್ಲೂ ಕೆಳಗಿನ ಕಯಗಳಿಗೆ ಒಂದಿಷ್ಟು ನೀರು ಸೋರುವಂತೆ ತಳದಲ್ಲಿ ಪೈಪಿನ ತುಂಡೊಂದನ್ನು ಇಡುವುದು ಒಳ್ಳೆಯದು.

ತೋಟದಿಂದ ಇಳಿಯುವ ವಿಷ

ಕೊಳೆರೋಗಕ್ಕೆ ಅಡಿಕೆಗೊನೆಗೆ ಬೋರ್ಡೋ ದ್ರಾವಣ ಹೊಡೆಯದೆ ನಮ್ಮ ಕಡೆ ಮಳೆಗಾಲ ಕಳೆಯುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ, ಮರಿಗಳಿಗೆ ಅದರ ಪೆಟ್ಟು ಹೆಚ್ಚು. ಗಡಸು ನೀರಿನಲ್ಲಿ ತಾಮ್ರದ ಬಿಸಿ ತುಸು ತಗ್ಗುತ್ತದೆ, ಆದರೆ ಘಟ್ಟದಿಂದ ಇಳಿಯುವ ನಮ್ಮ ನೀರು ಮೆದು ನೀರು. ಸಿಂಪಡಣೆ ನಿಲ್ಲಿಸಿ ಎಂದು ಬೆಳೆಗಾರರಿಗೆ ಹೇಳಲಾಗದು. ದ್ರಾವಣ ಕಲಸುವ ಡ್ರಮ್ಮನ್ನು ತೋಡಿನ ಬದಿಯಿಂದ ದೂರ ಒಯ್ಯಿರಿ, ಉಳಿದದ್ದನ್ನೂ ಪಂಪು ತೊಳೆದ ನೀರನ್ನೂ ಇಂಗುಗುಂಡಿಗೆ ಚೆಲ್ಲಿರಿ, ಮಳೆ ಬಿಟ್ಟು ಬಿಸಿಲು ಕಂಡ ದಿನವೇ ಹೊಡೆಯಿರಿ ಎಂದರೆ ಕೇಳುತ್ತಾರೆ, ಏಕೆಂದರೆ ಮಳೆಗೆ ತೊಳೆದುಹೋದ ಮದ್ದು ಅವರಿಗೂ ನಷ್ಟವೇ. ರಬ್ಬರ್ ಶೀಟು ಮಾಡುವಲ್ಲಿನ ಹುಳಿನೀರಿಗೂ ಇಂಗುಗುಂಡಿಯೇ ಗತಿಯಾಗಬೇಕು.

ಗಾಳದ ಶಿಸ್ತು

ಹವ್ಯಾಸಕ್ಕೆ ಗಾಳ ಹಾಕುವವರನ್ನು ಹೊಳೆಯ ಶತ್ರುಗಳೆಂದು ಕಾಣಬೇಕಾಗಿಲ್ಲ. ವಾರವಾರ ದಡದಲ್ಲಿ ಕೂರುವವರಿಗೆ ಕಾಣುವಷ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಆದರೆ ಎಲ್ಲಿ ಹಾಕಬಾರದು ಎಂಬುದನ್ನು ಮೊದಲು ತಿಳಿದಿರಬೇಕು: ಸೀತಾ ಹೊಳೆ ಹಾಯುವ ಸೋಮೇಶ್ವರ ವನ್ಯಜೀವಿಧಾಮ, ಕೊಲ್ಲೂರು ಕಡೆಯ ಮೂಕಾಂಬಿಕಾ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಮುಂತಾದ ರಕ್ಷಿತ ಪ್ರದೇಶಗಳ ಒಳಗೆ ಮೀನು ಹಿಡಿಯಲು ಹೋಗಬೇಡಿ. ದೇವಸ್ಥಾನದ ಕಯಗಳ ಬಗ್ಗೆ ಹೇಳುವುದೇ ಬೇಡ.

ಹಿಡಿದು ಬಿಡುವುದಾದರೆ ಬಿಟ್ಟ ಮೀನು ಬದುಕಬೇಕು. ಇಕ್ಕಳದಿಂದ ಗಾಳದ ಒಳಮುಳ್ಳನ್ನು ಅದುಮಿ ಚಪ್ಪಟೆ ಮಾಡಿ, ಬಟ್ಟೆಯ ಮೇಲೆ ಎಳೆದು ನೋಡಿ. ನೂಲಿಗೆ ಸಿಕ್ಕದೆ ಜಾರಿ ಬಂದರೆ ಸರಿ. ಮೂರು ಕೊಕ್ಕೆಯ ಗಾಳ ಬೇಡ, ಒಂದೇ ಸಾಕು. ಜೀವಂತ ಎರೆ ಹಾಕುವವರು ದುಂಡಗೆ ಬಾಗಿದ ಗಾಳ ಬಳಸಿದರೆ ಅದು ಗಂಟಲಿಗಿಳಿಯದೆ ಬಾಯಿಯ ಮೂಲೆಯಲ್ಲಿ ನೆಡುತ್ತದೆ. ದಾರ ತೆಳುವಾದಷ್ಟೂ ಆಟ ಚೆನ್ನ ಎಂಬ ಹುಮ್ಮಸ್ಸು ಮೀನಿನ ಪ್ರಾಣಕ್ಕೆ ಬರುತ್ತದೆ, ಬಹಳ ಹೊತ್ತು ಎಳೆದಾಡಿ ಸೋತ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಹಾಗಾಗಿ ಗಟ್ಟಿ ದಾರದಿಂದ ಬೇಗ ದಡಕ್ಕೆ ತನ್ನಿ. ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಬೇಡಿ, ಒಣ ಕೈಗೆ ಅಂಟಿಕೊಂಡು ಬರುವ ಲೋಳೆಯೇ ಅದರ ಮೈಗಾವಲು. ಕಿವಿರಿಗೆ ಬೆರಳು ಹಾಕಿ ನೇತಾಡಿಸದೆ, ಒಂದು ಕೈ ಬಾಲದ ಬುಡಕ್ಕೂ ಇನ್ನೊಂದು ಹೊಟ್ಟೆಯ ಅಡಿಗೂ ಕೊಟ್ಟು, ನೀರಿನಲ್ಲೇ ಗಾಳ ಬಿಡಿಸಿ. ಗಾಳ ನುಂಗಿದ್ದರೆ ಎಳೆಯಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಫೋಟೊ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲಷ್ಟೇ ಮೇಲೆತ್ತಿ, ಕೆಲವೇ ಸೆಕೆಂಡುಗಳಲ್ಲಿ ಇಳಿಸಿ. ಬಿಡುವಾಗ ಅದರ ಮುಖ ಹರಿವಿಗೆ ಎದುರಾಗಿರಲಿ. ಕಿವಿರು ಒಂದೇ ಸಮನೆ ಆಡತೊಡಗಿ, ಬಾಲ ತಾನಾಗಿ ಬೀಸಿ ಕೈಯಿಂದ ಜಾರುವವರೆಗೆ ಹಿಡಿದಿರಿ. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಕುಗ್ಗಿದ ಕಯದಲ್ಲಿ ಹಿಡಿದು ಬಿಡುವ ಆಟವನ್ನೂ ಆಡಬಾರದು.

ಮರಿ ಬಿಡುವ ಮೊದಲು

ನೇತಾರರನ್ನು ಕರೆಸಿ ಹೊಳೆಗೆ ಮೀನುಮರಿ ಬಿಡುವ ಕಾರ್ಯಕ್ರಮಕ್ಕೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಹಲಗೆ ತೆಗೆದವರಿಗೆ ಬರುವುದಿಲ್ಲ. ಕಾಟ್ಲಾ, ರೋಹು, ಮೃಗಾಲ ಗಂಗೆಯ ಕಡೆಯ ಮೀನುಗಳು. ಕೆರೆ ಸಾಕಣೆಗೆ ಸರಿ, ಪಡುವಣಕ್ಕೆ ಹರಿಯುವ ಹೊಳೆಗೆ ಅವು ಪರಕೀಯ. ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್‌ಗಳಂತೂ ಒಮ್ಮೆ ನೆಲೆಯೂರಿದರೆ ಕೀಳಲಾಗದು. ಕ್ಯಾಟ್‌ಫಿಶ್ ಸಾಕುವುದನ್ನೇ ಸರಕಾರ ನಿಷೇಧಿಸಿದೆ. ಮನೆಯ ಅಕ್ವೇರಿಯಂ ಖಾಲಿ ಮಾಡುವವರು ಮೀನನ್ನು ಹೊಳೆಗೆ ಸುರಿಯದೆ ಅಂಗಡಿಗೆ ಮರಳಿಸಲಿ. ಸೊಳ್ಳೆ ಮರಿ ತಿನ್ನಲೆಂದು ತಂದ ಗಂಬೂಸಿಯ, ಗಪ್ಪಿಗಳೂ ಬಾವಿ, ತೊಟ್ಟಿಗಳಲ್ಲೇ ಇರಲಿ.

ಅದೇ ಜಾತಿಯ ಮರಿ ತಂದರೆ ಆಗದೇ ಎಂದು ಕೇಳುವವರಿಗೆ ಕಾವೇರಿಯ ಕಥೆ ಸಾಕು. ಅಲ್ಲಿನದೇ ಆದ ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಹಶೀರ್ ಇರುವಾಗ, ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ ಸದುದ್ದೇಶದಿಂದಲೇ ಬಿಡಲಾಯಿತು. ಬಂದದ್ದು ಹೆಚ್ಚಿತು, ಇದ್ದದ್ದು ಕುಸಿಯಿತು. ಬೆನ್ನುಬ್ಬಿದ ಮಹಶೀರನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜಾತಿಯೆಂದು ಜಾಗತಿಕ ಕೆಂಪು ಪಟ್ಟಿಗೆ ಸೇರಿಸಲಾಯಿತು. ಮರಿ ಬಿಡಲೇಬೇಕಾದ ಸಂದರ್ಭ ಬಂದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರನ್ನು ಕೇಳಿ, ಅದೇ ಹೊಳೆಯ ತಾಯಿಮೀನಿನ ಸಂತಾನವನ್ನಷ್ಟೇ ಬಿಡಬೇಕು.

ಪುಸ್ತಕ ಮತ್ತು ಪೊಲೀಸು

ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ, ಅದೇ ಕಯದ ಅದೇ ಬಂಡೆಯ ಮೇಲೆ, ಅದೇ ಹೊತ್ತಿಗೆ ಅರ್ಧ ಗಂಟೆ ಕೂತು ಕಂಡ ಮೀನುಗಳ ಜಾತಿ, ಗಾತ್ರ ಬರೆಯಿರಿ. ನೀರಿನ ಉಷ್ಣತೆ ಮತ್ತು ತಿಳಿಯನ್ನೂ ಸೇರಿಸಿ. ತಿಳಿ ಅಳೆಯಲು 20 ಸೆಂಟಿಮೀಟರ್ ಅಗಲದ ಬಿಲ್ಲೆಗೆ ನಾಲ್ಕು ಭಾಗ ಮಾಡಿ ಕಪ್ಪುಬಿಳಿ ಬಣ್ಣ ಬಳಿದು, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ, ಕಣ್ಣಿಗೆ ಮರೆಯಾಗುವ ಆಳ ಬರೆದರೆ ಸಾಕು. ನೀರುನಾಯಿ ಕಂಡರೆ ಅದನ್ನೂ ಬರೆಯಿರಿ. ಅದು ಬಂದಿದೆಯೆಂದರೆ ಅಲ್ಲಿ ಮೀನಿದೆ.

ತೋಟೆ ಸಿಡಿಸುವುದು, ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ 4 ಮತ್ತು 5ನೇ ಸೆಕ್ಷನ್‌ಗಳಂತೆ ಅಂದಿನಿಂದಲೂ ಅಪರಾಧ. ವಿದ್ಯುತ್ ತಂತಿ ಇಳಿಸುವವರು ಮೀನಿನ ಜತೆ ಮನುಷ್ಯರನ್ನೂ ಕೊಲ್ಲಬಲ್ಲರು. ಇಂಥದ್ದು ಕಂಡರೆ ಒಬ್ಬರೇ ತಡೆಯಲು ಹೋಗದೆ 112ಕ್ಕೆ ಕರೆ ಮಾಡಿ, ಮೀನುಗಾರಿಕೆ ಇಲಾಖೆಗೂ ತಿಳಿಸಿ.

ಮೀನು ಸತ್ತು ತೇಲಿದ್ದು ಕಂಡರೆ ಮೊದಲ ಒಂದು ಗಂಟೆಯ ಕೆಲಸವೇ ಮುಖ್ಯ. ಬೆಳಗಿನ ಜಾವ ದೊಡ್ಡ ಮೀನುಗಳು ಮೊದಲು ಸತ್ತಿದ್ದರೆ ಆಮ್ಲಜನಕದ ಕೊರತೆಯಿರಬಹುದು. ಹಗಲಿನಲ್ಲಿ ಮರಿ, ಸೀಗಡಿ, ಏಡಿ ಸಹಿತ ಎಲ್ಲವೂ ಒಮ್ಮೆಗೇ ಸತ್ತಿದ್ದರೆ ವಿಷದ ಶಂಕೆ ಪಡಬೇಕು. ಶುದ್ಧ ಬಾಟಲಿಗಳನ್ನು ಅದೇ ನೀರಿನಿಂದ ತೊಳೆದು, ಸತ್ತ ಜಾಗದಿಂದಲೂ ಅದಕ್ಕಿಂತ ಮೇಲಿನಿಂದಲೂ ಗಾಳಿ ಉಳಿಯದಂತೆ ಬಾಯಿಮಟ್ಟ ತುಂಬಿ, ಗಂಟೆ ಮತ್ತು ಜಾಗ ಬರೆದ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಯಲ್ಲಿಡಿ. ಆಗತಾನೇ ಸತ್ತ ಒಂದೆರಡು ಮೀನನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಐಸಿನಲ್ಲಿಡಿ. ಫಾರ್ಮಲಿನ್‌ಗೆ ಹಾಕಿದರೆ ವಿಷದ ಪರೀಕ್ಷೆಗೆ ತೊಡಕಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಮೀನುಗಾರಿಕೆ ಇಲಾಖೆಗೆ ಫೋನು ಮಾಡಿದ ಮೇಲೆ ಅದೇ ದಿನ ಲಿಖಿತ ದೂರನ್ನೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಸತ್ತ ಮೀನನ್ನು ಯಾರೂ ಸಾರಿಗೆ ಒಯ್ಯದಂತೆ, ದನಕರುಗಳು ಆ ನೀರು ಕುಡಿಯದಂತೆ ದಡದಲ್ಲಿ ಒಬ್ಬರನ್ನು ನಿಲ್ಲಿಸಿ.